ಅಕ್ಕ ಎಳೆದ ನೆರಳಿನ ಗೆರೆ

ಮಧುಗಿರಿಯ ನಮ್ಮ ಮನೆಯ ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸುವುದೆಂದು ತೀರ್ಮಾನವಾದಾಗ ನಾನು ಮೊದಲು ಫೋನ್ ಮಾಡಿದ್ದು ತಿರುಮಣಿ ಎಂಬ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ. ಅವಳು ಓದಿದ್ದು ಏಳನೇ ಕ್ಲಾಸು. ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ, ತಾನು ಶೇಂಗಾ ಕಿತ್ತಿದ್ದ ನೆಲದಲ್ಲೇ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ್ದಳು.

"ನಾನು ಬರೋಗಂಟ ಒಂದು ಬೋಲ್ಟೂ ಹಾಕಿಸ್ಬ್ಯಾಡ ಕಣಮ್ಮ" ಎಂದಳು. ಮಾರನೆಯ ದಿನ ಮೊದಲ ಬಸ್ಸಿಗೇ ಬಂದಿಳಿದಳು.

ಪ್ಯಾನೆಲ್ ಕೂರಿಸುವ ಮೇಸ್ತ್ರಿ ಆಗಲೇ ಜಾಗ ಗೊತ್ತುಮಾಡಿದ್ದರು. ನೀರಿನ ಟ್ಯಾಂಕಿನ ಉತ್ತರಕ್ಕೆ, ವೈರು ಇಳಿಸಲು ಸಲೀಸಾದ ಕಡೆ. ಅಕ್ಕ ಅದನ್ನು ನೋಡಿ ಕೆಳಗಿಳಿದು ಬಂದಳು. ನಾನು ಪಾಠಕ್ಕೆ ಒಯ್ಯುವ ಚೀಲದಿಂದ ಸೀಮೆಸುಣ್ಣ ತೆಗೆದುಕೊಂಡು ಮತ್ತೆ ಮೇಲೆ ಹೋದಳು. ಒಂಬತ್ತು ಗಂಟೆಗೆ ಟ್ಯಾಂಕಿನ ನೆರಳಿನ ಅಂಚಿಗೆ ಒಂದು ಗೆರೆ ಎಳೆದಳು. ಹನ್ನೆರಡಕ್ಕೆ ಇನ್ನೊಂದು, ಮೂರಕ್ಕೆ ಮತ್ತೊಂದು. ಊಟಕ್ಕೆ ಕರೆದರೂ ತಟ್ಟೆ ಮೇಲಕ್ಕೇ ತರಿಸಿಕೊಂಡಳು.

ಸಂಜೆ ಬಂದ ಮೇಸ್ತ್ರಿಗೆ, "ಇಲ್ಲಿ ಬ್ಯಾಡ. ಟ್ಯಾಂಕಿನ ಮುಂದ್ಕೆ, ತೆಂಕ್ಲ ಕಡೀಕೆ ಹಾಕಿ" ಎಂದಳು.

"ನೆರಳು ಇಲ್ಲೀತನಕ ಬರಲ್ಲಮ್ಮ. ನೀವೇ ಗೆರೆ ಹಾಕಿದೀರಲ್ಲ."

"ಈಗ ಬ್ಯಾಸಿಗೆ, ಸೂರ್ಯ ನೆತ್ತಿ ಮ್ಯಾಲವ್ನೆ. ಚಳಿಗಾಲದಾಗೆ ತೆಂಕ್ಲಿಗೆ ವಾಲ್ತಾನೆ. ಆಗ ಇಲ್ಲೀಗಂಟ ಬತ್ತದೆ" ಎಂದು ಉತ್ತರಕ್ಕೆ ನಾಲ್ಕು ಹೆಜ್ಜೆ ಹೋಗಿ ಕೊನೆಯ ಗೆರೆ ಎಳೆದಳು.

"ಗೇಣುದ್ದ ನೆರಳು ಬಿದ್ರೆ ಏನಾಯ್ತದೆ, ಬುಡಿ."

"ಗೇಣುದ್ದ ಬಿದ್ರೂ ಸಾಲೆಲ್ಲ ಮಂಕಾಗಿ ಕರೆಂಟು ಇಳೀತದೆ. ಪಾರ್ಕಲ್ಲಿ ಸಾಲಿನ ಮುಂದೆ ಹುಲ್ಲು ಬೆಳುದ್ರೆ ಸಾಕು, ಕೊಯ್ಯಕ್ಕೆ ನಮ್ಮುನ್ನ ಓಡಿಸ್ತಿದ್ರು."

ಮೇಸ್ತ್ರಿ ಟೇಪು ಹಿಡಿದು ಅಳೆದರು, ಗೆರೆಗಳ ಫೋಟೋ ತೆಗೆದುಕೊಂಡರು. "ವೈರು ಜಾಸ್ತಿ ಹಿಡೀತದೆ" ಎಂದಷ್ಟೇ ಹೇಳಿ ಒಪ್ಪಿದರು.

ನನಗೆ ನಾಚಿಕೆಯಾಯಿತು. ಉತ್ತರಾಯಣ ದಕ್ಷಿಣಾಯನವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡುವವಳು ನಾನು. ನನ್ನದೇ ತಾರಸಿಯ ಮೇಲೆ ನಿಂತಾಗ ಅದು ನೆನಪಿಗೇ ಬಂದಿರಲಿಲ್ಲ.

ಆ ಬೇಸಿಗೆಯಿಂದಲೇ ಮನೆಯ ಫ್ಯಾನು, ಮಿಕ್ಸಿ, ಬೋರಿನ ಮೋಟರು ಎಲ್ಲವೂ ಹಗಲು ನಮ್ಮ ಬಿಸಿಲಲ್ಲೇ ಓಡತೊಡಗಿದವು. ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕಲು ಮೇಲೆ ಹೋದೆ. ಟ್ಯಾಂಕಿನ ನೆರಳು ಮೇಸ್ತ್ರಿ ಮೊದಲು ಹೇಳಿದ್ದ ಜಾಗಕ್ಕೆ ಚಾಚಿಕೊಂಡಿತ್ತು. ಮುಂದಿನ ಪ್ಯಾನೆಲ್‌ಗಳ ಮೇಲೆ ಮಾತ್ರ ಒಂದು ಚೂರೂ ನೆರಳಿರಲಿಲ್ಲ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ, ಅವಳು ಹೇಳಿದ ಹಾಗೇ ಆಯಿತೆಂದೆ.

"ಸರಿ ಬುಡು. ಧೂಳು ಒರೆಸ್ತಿದ್ದೀಯಾ?" ಎಂದಳು.

"ಈಗ ಒಂದು ಬಕೆಟ್ ನೀರು ಹಾಕ್ತೀನಿ."

"ಈಗ ಬ್ಯಾಡ ಲೇ. ಕಾದಿರೋ ಗಾಜಿನ ಮ್ಯಾಲೆ ತಣ್ಣೀರು ಹುಯ್ಬಾರ್ದು. ಬೆಳಗ್ಗೆ ಎದ್ದು ತೊಳಿ."