ಕೆಂಪು ಕಾರಿಗೆ ಹಾಕಿದ ತೆಳು ಆಯಿಲ್

ಸುಮಂಗಲಕ್ಕ, ನಿಮ್ಮ ಅಪ್ಪನ ಕೆಂಪು ಕಾರಿನ ಎಂಜಿನ್ ಹಾಳು ಮಾಡಿದವನು ನಾನು. ನೀವಲ್ಲ. ಆಯಿಲ್ ಹಾಕುವಾಗ ಸೊಕ್ಕಿನಿಂದ ಹಾಕಿದೆ. ಆಮೇಲೆ ನಿಮ್ಮ ಹೆಸರು ಹೇಳುವಾಗ ಮಾತ್ರ ಎಲ್ಲ ಗೊತ್ತಿದ್ದೇ ಹೇಳಿದೆ. ಆರು ವರ್ಷವಾಯಿತು. ಥೂ, ಇದನ್ನು ಬರೆಯುತ್ತಿರುವ ಕೈಯನ್ನು ನೋಡಿದರೆ ನನಗೇ ಹೇಸಿಗೆ ಬರುತ್ತದೆ.

ಯರಗಟ್ಟಿಯಲ್ಲಿ ನನ್ನನ್ನು ಎಲ್ಲರೂ ಟ್ರ್ಯಾಕ್ಟರ್ ಈರಪ್ಪ ಎನ್ನುತ್ತಿದ್ದರು, ನಿಮಗೂ ಗೊತ್ತು. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದವನಿಗೆ ಬೇರೆ ಯಾವ ಹೆಸರು ಬರಬೇಕು? ಆದರೆ ನನಗೆ ಆ ಹೆಸರು ಚುಚ್ಚುತ್ತಿತ್ತು. ಬೆಳಗಾವಿಗೆ ಹೋಗಿ ಹೊಸ ಕಾರುಗಳ ಮೇಲೆ ಹದಿನೈದು ದಿನದ ತರಬೇತಿ ಮುಗಿಸಿ ಬಂದದ್ದೇ ತಡ, ಶೆಡ್ಡಿನ ಮುಂದೆ ‘ಕಾರ್ ಸ್ಪೆಷಲಿಸ್ಟ್’ ಅಂತ ಬೋರ್ಡು ಬರೆಸಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಐಶ್ವರ್ಯವೂ ಅಲ್ಲ, ಒಂದು ಸರ್ಟಿಫಿಕೇಟು.

ಆ ವಾರವೇ ನಿಮ್ಮಪ್ಪ, ಮುನವಳ್ಳಿಯ ವಕೀಲ ಸಾಹೇಬರು, ತಮ್ಮ ಕಾರನ್ನು ಸರ್ವಿಸಿಗೆ ತಂದರು. ಎರಡೇ ಸೀಟಿನ ವಿಲಾಯತಿ ಗಾಡಿ, ಮೇಲೆ ಚಾವಣಿಯಿಲ್ಲ, ಓಡಲೆಂದೇ ಮಾಡಿದ್ದು. ಅವರು ಪ್ರಾಯದಲ್ಲಿ ಬೆಳಗಾವಿಯ ಕ್ಯಾಂಪಿನಲ್ಲಿ ಯಾವನೋ ಮಿಲಿಟರಿ ಅಧಿಕಾರಿಯಿಂದ ಕೊಂಡದ್ದು. ಕಣ್ಣು ಮಂಜಾಗಿತ್ತು, ಇನ್ನು ಮುಂದೆ ನೀವೇ ಓಡಿಸಬೇಕು ಅಂತ ಅವರಿಗೆ ಆಸೆ. ಇಬ್ಬರು ಗಂಡುಮಕ್ಕಳಿದ್ದರೂ ಕೀಲಿಕೈ ಕೊಟ್ಟದ್ದು ನಿಮಗೆ. ಅದನ್ನು ನನ್ನ ಮುಂದೆಯೇ ಕೊಟ್ಟರು, ನೀವು ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡಿರಿ.

ಹೋಗುವಾಗ ಸಾಹೇಬರು ನನಗೆ ಹೇಳಿದರು, “ಈರಪ್ಪಾ, ಟ್ರ್ಯಾಕ್ಟರಿಗೆ ಹಾಕ್ತೀಯಲ್ಲಾ, ಆ ದಪ್ಪನ ಆಯಿಲ್ಲs ಇದಕ್ಕೂ ಹಾಕಪಾ. ತೆಳುವಂದು ಹಾಕಬ್ಯಾಡ, ಇದರ ಹೊಟ್ಟಿಗೆ ಆಗಿಬರೂದಿಲ್ಲ.” ಮರೆತುಬಿಟ್ಟೇನು ಅಂತ ಒಂದು ಚೀಟಿಯನ್ನೂ ಬರೆದು ಸ್ಟೇರಿಂಗಿಗೆ ದಾರದಿಂದ ಕಟ್ಟಿದ್ದರು: ‘ಇಪ್ಪತ್ತು-ಐವತ್ತು. ತೆಳುವು ಬೇಡ.’ ಇಪ್ಪತ್ತು-ಐವತ್ತು ಅಂದರೆ ಆ ದಪ್ಪನೆಯ ಆಯಿಲಿನ ನಂಬರು.

ಆ ಒಂದು ಮಾತು ನನಗೆ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಹೊಸ ಬೋರ್ಡಿನ ಕೆಳಗೆ ನಿಂತು, ಅಂಥ ಕಾರಿಗೆ, ಟ್ರ್ಯಾಕ್ಟರಿನ ಆಯಿಲ್! ಅವರು ಹೇಳಿದ್ದು ನೂರಕ್ಕೆ ನೂರು ಸರಿ ಅನ್ನುವುದು ಆಮೇಲೆ ತಿಳಿಯಿತು. ಹಳೆಯ ಎಂಜಿನ್ನುಗಳಲ್ಲಿ ಸಂದು ದೊಡ್ಡದು, ಕಬ್ಬಿಣದ ಮೇಲೆ ಕಬ್ಬಿಣ ನೇರವಾಗಿ ಉಜ್ಜುತ್ತದೆ. ನಡುವೆ ದಪ್ಪನೆಯ ಪದರ ನಿಲ್ಲಬೇಕು, ಸವೆತ ತಡೆಯುವ ಸತುವಿನ ಅಂಶ ಬೇಕು. ಟ್ರ್ಯಾಕ್ಟರಿನ ಆಯಿಲ್‌ನಲ್ಲಿ ಎರಡೂ ಇರುತ್ತವೆ. ನಾನು ತರಬೇತಿಯಿಂದ ತಂದ ನೀರಿನಂಥ ಆಯಿಲ್ ಹೊಸ ಕಾರಿಗೆ ಅಮೃತ, ಆ ಮುದಿ ಗಾಡಿಗೆ ವಿಷ. ನನ್ನ ಬೆರಳುಗಳಿಗಂತೂ ಅದು ಮೊದಲೇ ಗೊತ್ತಿತ್ತು. ಹಳೆಯ ಆಯಿಲ್ ಇಳಿಸಿದಾಗ ನಮ್ಮ ಕಡೆಯ ಎಲ್ಲ ಮಿಸ್ತ್ರಿಗಳಂತೆ ಹೆಬ್ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ್ದೆ — ಎಷ್ಟು ತಿಕ್ಕಿದರೂ ಬೆರಳಿಗೆ ಬೆರಳು ತಾಗಲಿಲ್ಲ. ಹೊಸದನ್ನು ತಿಕ್ಕಿದೆ, ಚರ್ಮಕ್ಕೆ ಚರ್ಮ ಹತ್ತಿತು. ನಿಂತು ಒಂದು ಕ್ಷಣ ಯೋಚಿಸಿದೆ. ಆದರೂ... ಚೀಟಿ ಬಿಚ್ಚಿ ಜೇಬಿಗಿಟ್ಟುಕೊಂಡು ತೆಳುವನ್ನೇ ಸುರಿದೆ.

ಇಷ್ಟಕ್ಕೇ ನಿಂತಿದ್ದರೆ ತಪ್ಪು ಅನ್ನಬಹುದಿತ್ತು. ಮೂರು ವಾರದ ಮೇಲೆ ನೀವು ಫೋನ್ ಮಾಡಿದಿರಿ. ನಿಮ್ಮ ಒಂದೊಂದು ಮಾತೂ ನೆನಪಿದೆ.

“ಅಣ್ಣಾರ, ಎಂಜಿನ್ ಕಾದ ಮ್ಯಾಲ ಆಯಿಲ್ ಮೀಟರಿನ ಮುಳ್ಳು ಕೆಳಗ ಬೀಳಾಕತ್ತೈತ್ರಿ. ಟಕ್-ಟಕ್ ಅಂತ ಸಪ್ಪಳಾನೂ ಬರತೈತಿ. ಓಡಸಲೋ ಬ್ಯಾಡೋ?”

ಮಿಸ್ತ್ರಿಯಾದವನಿಗೆ ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ನಿಲ್ಲಿಸಿರಿ ಅಂದರೆ ಆಯಿಲ್ ಬದಲಿಸಬೇಕು, ಬದಲಿಸಿದರೆ ಸಾಹೇಬರಿಗೆ ಗೊತ್ತಾಗುತ್ತದೆ, ಬೋರ್ಡಿನ ಮರ್ಯಾದೆ ಹೋಗುತ್ತದೆ. “ಏನೂ ಆಗೂದಿಲ್ರೀ ಅಕ್ಕಾರ, ಹಳೀ ಗಾಡಿ ಅಂದ್ರ ಹಂಗs. ಬಿಂದಾಸ್ ಓಡಸ್ರಿ” ಅಂದೆ.

ನೀವು ನನ್ನನ್ನು ನಂಬಿ ಓಡಿಸಿದಿರಿ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸವದತ್ತಿಯ ಗುಡ್ಡ ಏರುವಾಗ ಎಂಜಿನ್ ಹಿಡಿದುಕೊಂಡು ನಿಂತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನನ್ನ ಶೆಡ್ಡಿಗೇ ಎಳೆಸಿಕೊಂಡು ಬಂದಿರಿ, ನಿಮ್ಮ ಇಬ್ಬರು ಅಣ್ಣಂದಿರೂ ಬಂದರು. ಬಿಚ್ಚಿ ನೋಡಿದೆ. ವಾಲ್ವುಗಳನ್ನು ಎತ್ತುವ ಕ್ಯಾಮಿನ ಉಬ್ಬುಗಳು ಸವೆದು ಚಪ್ಪಟೆ, ಬೇರಿಂಗು ಸುಟ್ಟು ಕರ್ರಗೆ. ಒಂದೇ ನೋಟಕ್ಕೆ ಗೊತ್ತಾಯಿತು, ಇದು ಆಯಿಲಿನ ಕೆಲಸ.

“ಯಾಕ ಹಿಂಗಾತು ಈರಪ್ಪಾ?” ಸಾಹೇಬರು ಕೇಳಿದರು.

“ಅಕ್ಕಾರು ಎಂಜಿನ್ ತಣ್ಣಗಿದ್ದಾಗs ಜೋರ ಒತ್ತ್ಯಾರ್ರಿ, ಸಾಹೇಬ್ರ. ಓಡಸೂ ರೂಢಿ ಇಲ್ಲಲ್ರಿ” ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ, ನಾನು ಮನುಷ್ಯರನ್ನು ಡೊಂಕು ಅಂದೆ. ನೀವು ದಿಗಿಲುಗೊಂಡು, “ಅಪ್ಪಾ, ನಾ ಫೋನ್ ಮಾಡಿ ಕೇಳಿದ್ದೆ, ಈರಪ್ಪಣ್ಣಾರನ್ನs ಕೇಳ್ರಿ” ಅಂದಿರಿ. ಎಲ್ಲರೂ ನನ್ನ ಕಡೆ ನೋಡಿದರು. ಒಂದು ಹೌದು ಅಂದಿದ್ದರೆ ಸಾಕಿತ್ತು. ನಾನು ಅರಿವೆಯಿಂದ ಕೈ ಒರೆಸುತ್ತ ಅಂದೆ, “ನನಗ ನೆನಪಿಲ್ರಿ.”

“ಸಾಕು ಬಿಡವ್ವಾ. ನಿನ್ನ ಕೈಯಾಗ ಕೊಟ್ಟದ್ದು ನಂದs ತಪ್ಪು” ಅಂದರು ಸಾಹೇಬರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಮ್ಮಿಂದ ಕೀಲಿಕೈ ಈಸಿಕೊಂಡರು, ತಿಂಗಳೊಳಗೆ ಗಾಡಿಯನ್ನು ಕೊಲ್ಲಾಪುರದವರಿಗೆ ಕೊಟ್ಟುಬಿಟ್ಟರು. ಮರುವರ್ಷ ತೀರಿಕೊಂಡರು — ಮಗಳು ಸುಳ್ಳು ಹೇಳಿದಳು ಅಂತಲೇ ತಿಳಿದು. ಅದನ್ನು ನಾನು ಇನ್ನು ಯಾವ ಪಾನಾ ಹಿಡಿದು ರಿಪೇರಿ ಮಾಡಲಿ?

ಮಣ್ಣಿಗೆ ಬಂದಿದ್ದೆ, ಗೊತ್ತಲ್ಲ. ವಿಭೂತಿ ಹಚ್ಚಿಕೊಂಡು, ಹೆಗಲು ಕೊಟ್ಟು, ಎಲ್ಲರಿಗಿಂತ ಮುಂದೆ.

ಇಷ್ಟು ದಿನ ಬಾಯಿ ಬಿಡದವನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಸೋಮವಾರ ನೀವು ಸ್ಕೂಟಿಗೆ ಆಯಿಲ್ ಹಾಕಿಸಲು ಬಂದಿರಿ. ಯಾವುದು ಹಾಕಲಿ ಅಂತ ಕೇಳಿದೆ. ನೀವು ನಕ್ಕು ಅಂದಿರಿ, “ನೀವs ನೋಡಿ ಹಾಕ್ರಿ ಅಣ್ಣಾರ. ನನಗೇನ್ ತಿಳಿತೈತಿ? ಅಪ್ಪನ ಗಾಡಿ ಮುರದಾಕಿ ನಾ. ಆವತ್ತ ನಿಮಗ ಫೋನ್ ಮಾಡಿದ್ನೋ ಇಲ್ಲೋ, ಈಗ ನನಗs ಖಾತ್ರಿ ಇಲ್ಲ.”

ಅಯ್ಯೋ, ಅಕ್ಕ! ನನ್ನ ಸುಳ್ಳನ್ನು ಊರು ನಂಬಿತ್ತು, ನಿಮ್ಮ ಮನೆ ನಂಬಿತ್ತು, ಅದಷ್ಟೇ ಅಂದುಕೊಂಡಿದ್ದೆ. ನೀವೂ ನಂಬಿಬಿಟ್ಟಿದ್ದೀರಿ. ಆಮೇಲೆ ನೀವು ಯಾವ ಕಾರಿನ ಸ್ಟೇರಿಂಗನ್ನೂ ಮುಟ್ಟಿಲ್ಲವಂತೆ.

ಬರುವ ಭಾನುವಾರ ಸಾಹೇಬರ ಪುಣ್ಯಸ್ಮರಣೆ. ನಿಮ್ಮ ಅಣ್ಣಂದಿರು, ಬೀಗರು, ಎಲ್ಲರೂ ಮುನವಳ್ಳಿಗೆ ಬರುತ್ತಾರೆ. ನಾನೂ ಬರುತ್ತೇನೆ, ಊಟಕ್ಕಲ್ಲ. ಅವರು ಬರೆದ ಚೀಟಿ ಇನ್ನೂ ನನ್ನ ಪಾಕೀಟಿನಲ್ಲಿದೆ, ದಾರದ ಸಮೇತ. ಅದನ್ನು ಅವರ ಫೋಟೋದ ಮುಂದಿಟ್ಟು, ಶೆಡ್ಡಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ ಸುಳ್ಳನ್ನು ಅದೇ ನಾಲ್ಕು ಜನರ ಮುಂದೆ ವಾಪಸು ತೆಗೆದುಕೊಳ್ಳುತ್ತೇನೆ. ಒಬ್ಬರು ಕಡಿಮೆಯಾಗಿದ್ದಾರೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಹೊಡೆದು ಹೊರಗೆ ಹಾಕಿದರೂ ಸರಿ.

ಅಲ್ಲಿಯವರೆಗೆ ತಡೆಯದೆ ಒಂದು ಮಾತು ಇಲ್ಲೇ ಬರೆಯುತ್ತೇನೆ, ಭಾನುವಾರ ನನಗೆ ಹೇಳಲಾಗದೆ ಹೋದರೆ ಇದು ಇರಲಿ. ನೀವು ಫೋನ್ ಮಾಡಿದ್ದಿರಿ, ಅಕ್ಕ. ಮಧ್ಯಾಹ್ನ ಹನ್ನೆರಡರ ಹೊತ್ತು. ನೀವು ಸರಿಯಾಗಿಯೇ ಕೇಳಿದ್ದಿರಿ.