ಮೆತ್ತೆ ಹೊಲಿದವಳ ಸಿಟ್ಟು

ನಮ್ಮಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಅದೇ ಬೀದಿಯವರ ಹರಿದ ಸೋಫಾ, ಕುಸಿದ ಕುರ್ಚಿಗಳೆಲ್ಲ ಅವಳ ಅಂಗಡಿಗೇ ಬಂದು ಬೀಳುತ್ತವೆ. ಹಳೇ ಬಟ್ಟೆ ಕಿತ್ತು, ಹೊಸ ಸ್ಪಂಜು ತುಂಬಿ, ಡೊಂಕು ಸೂಜಿಯಲ್ಲಿ ಅಂಚು ಹೊಲಿದು ಕೊಡುತ್ತಾಳೆ. ಬೈದುಕೊಂಡೇ ಕೊಡುತ್ತಾಳೆ, ಆದರೆ ಅವಳ ಹೊಲಿಗೆ ಬಿಚ್ಚಿತೆಂದು ಯಾರೂ ವಾಪಸು ಬಂದಿಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಿಯಕ್ಕ.

ನನ್ನ ಹೆಂಡತಿ ಆಸ್ಪತ್ರೆ ಸೇರಿದ ಮೇಲೆ ನಮ್ಮ ಐದು ವರ್ಷದ ಮಗಳನ್ನು ಅಕ್ಕನೇ ನೋಡಿಕೊಂಡಳು. ಮಗಳು ಅಂಗಡಿಯ ಸ್ಪಂಜಿನ ರಾಶಿಯ ಮೇಲೆ ಮಲಗಿ ಏಳುತ್ತಿದ್ದಳು, ಭಾನುವಾರ ಅತ್ತೆಯ ಕೈ ಹಿಡಿದು ಚರ್ಚಿಗೆ ಹೋಗುತ್ತಿದ್ದಳು.

ನಮ್ಮ ಚರ್ಚಿನಲ್ಲಿ ಪ್ರಸಂಗ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ಪ್ರಾರ್ಥಿಸಬಹುದು. ದೊಡ್ಡವರದ್ದು ಕಚೇರಿಗೆ ಅರ್ಜಿ ಹಾಕಿದ ಹಾಗೆ ಉದ್ದಕ್ಕೆ ಸಾಗುತ್ತದೆ. ಮಗಳು ಬೆಂಚಿನ ಮೇಲೆ ಹತ್ತಿ ನಿಂತು, "ಯೇಸಪ್ಪಾ, ಅಮ್ಮನ ಜ್ವರ ಇನ್ನೂ ಹೋಗಿಲ್ಲ. ನೆನಪಿದೆ ತಾನೇ?" ಎನ್ನುತ್ತಿದ್ದಳು. ಉತ್ತರಕ್ಕೆಂದು ಸ್ವಲ್ಪ ಹೊತ್ತು ಕಾದು ಕೂರುತ್ತಿದ್ದಳು.

ಬೆಂಚು ಗಟ್ಟಿ, ಸೊಂಟ ನೋಯುತ್ತದೆ ಎಂದು ಮಕ್ಕಳೆಲ್ಲ ಅಜ್ಜ ಎಂದು ಕರೆಯುವ ಸಭೆಯ ಹಿರಿಯರೊಬ್ಬರು ಗೊಣಗಿದ್ದಕ್ಕೆ ಅಕ್ಕ ಎಲ್ಲ ಬೆಂಚುಗಳಿಗೂ ಮೆತ್ತೆ ಹೊಲಿದುಕೊಟ್ಟಳು. ತಿಳಿನೀಲಿ ಬಟ್ಟೆ. ಒಗೆಯುವಾಗ ಬಿಚ್ಚಲು ಸುಲಭವಾಗಲೆಂದು ಮೂಲೆಮೂಲೆಗೂ ಲಾಡಿ. ಮೊದಲ ಭಾನುವಾರವೇ ಯಾರದೋ ಮಗು ಅದರ ಮೇಲೆ ಹಾಲು ಚೆಲ್ಲಿತು. ಹಿರಿಯರು ಅಲ್ಲೇ ತೀರ್ಮಾನ ಕೊಟ್ಟರು: ಇನ್ನು ಮಕ್ಕಳೆಲ್ಲ ಹಿಂದಿನ ಕೋಣೆಯಲ್ಲಿ ಕೂರಬೇಕು, ಬಾಗಿಲು ಹಾಕಿರಬೇಕು. ಅದು ಪೊರಕೆ, ಬಕೆಟ್ಟು, ಕೆಟ್ಟ ಫ್ಯಾನು ಇಡುವ ಕೋಣೆ. ಬಟ್ಟೆ ಕೊಳೆಯಾಗಬಾರದೆಂದು ಮಕ್ಕಳನ್ನು ಕಸದ ಜೊತೆ ಕೂರಿಸಿದ ಆ ಬುದ್ಧಿವಂತಿಕೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಪಾಸ್ಟರ್ ಬಾಯಿಗೆ ಬೀಗ ಹಾಕಿಕೊಂಡರು.

ಹೀಗೆ ಕೆಲವು ವಾರ ಕಳೆಯಿತು. ಒಂದು ಸಂಜೆ ನಾನು ಆಸ್ಪತ್ರೆಯಿಂದ ಅಂಗಡಿಗೆ ಬಂದು, ಜ್ವರ ಮತ್ತೆ ಏರಿದೆ ಎಂದು ಅಕ್ಕನಿಗೆ ಹೇಳುತ್ತಿದ್ದೆ. ಮಗಳು ಸ್ಪಂಜಿನ ಮೇಲಿಂದಲೇ ಕೇಳಿದಳು.

"ಅತ್ತೆ, ಆ ರೂಮಲ್ಲಿ ಹೇಳಿದ್ರೆ ಯೇಸಪ್ಪಂಗೆ ಕೇಳ್ಸುತ್ತಾ?"

"ಯಾಕೆ ಕೇಳ್ಸಲ್ಲ?"

"ನಮ್ಮ ಸದ್ದು ಮುಂದಕ್ಕೆ ಕೇಳಬಾರ್ದು ಅಂತ ತಾನೇ ಅಜ್ಜ ಬಾಗಿಲು ಹಾಕ್ಸಿದ್ದು? ನಾನು ಹೇಳಿದ್ದು ಕೇಳ್ಸದೇ ಜ್ವರ ಜಾಸ್ತಿ ಆಯ್ತಾ?"

ಅಕ್ಕ ಸೂಜಿ ಕೆಳಗಿಟ್ಟಳು. "ನಿನ್ನಿಂದ ಅಲ್ಲ ಕಣೇ ಪುಟ್ಟಿ," ಎಂದು ಅವಳನ್ನು ಎಳೆದು ತಬ್ಬಿಕೊಂಡಳು. ಮಗುವಿನ ತಲೆಯ ಮೇಲಿಂದ ನನ್ನತ್ತ ನೋಡಿದ ಅವಳ ಮುಖ ಕಂಡು ನಾನೇ ಹೆದರಿದೆ.

ಭಾನುವಾರ ಪಾಸ್ಟರ್ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ನುಗ್ಗಿದೆವು. ಲಾಡಿ ಬಿಚ್ಚಿ ಒಂದೊಂದೇ ಮೆತ್ತೆ ತಂದು ವೇದಿಕೆಯ ಮುಂದೆ ನೆಲಕ್ಕೆ ಹಾಸಿದೆವು. ಬಂದ ಮಕ್ಕಳನ್ನೆಲ್ಲ ಅಕ್ಕ ಅಲ್ಲಿ ಕೂರಿಸಿದಳು. ದೊಡ್ಡವರಿಗೆ ಬರೀ ಮರ ಉಳಿಯಿತು.

"ಇದೇನಮ್ಮ ಇದು?" ಎಂದರು ಹಿರಿಯರು.

"ಹೊಲಿದವಳು ನಾನು, ಬಿಚ್ಚಿದವಳೂ ನಾನೇ."

"ದೇವರ ಮನೇಲಿ ಇಷ್ಟು ಸಿಟ್ಟು ಒಳ್ಳೇದಲ್ಲಮ್ಮ."

"ಮಕ್ಕಳನ್ನ ತಡೆದವರ ಮೇಲೆ ಯೇಸುಸ್ವಾಮಿಗೂ ಸಿಟ್ಟು ಬಂದಿತ್ತು. ನೀವೇ ಓದಿ ಹೇಳಿದೀರಿ. ಇವರನ್ನ ಆ ರೂಮಿಗೆ ಕಳ್ಸೋದಾದ್ರೆ ನನ್ನನ್ನೂ ಪೊರಕೆ ಪಕ್ಕ ಕೂರ್ಸಿ. ನೀವು ಮೆತ್ತೆಗಳನ್ನ ಇಟ್ಕೊಂಡು ಆರಾಧನೆ ಮಾಡಿ."

ಪಾಸ್ಟರ್ ತಲೆ ತಗ್ಗಿಸಿ ಆರಾಧನೆ ಶುರು ಮಾಡಿದರು. ಹಿರಿಯರು ಮರದ ಬೆಂಚಿನಲ್ಲಿ ಆ ಕಡೆ ಈ ಕಡೆ ಹೊರಳುತ್ತ ಕೂತರು. ನನಗೆ ಅದನ್ನು ನೋಡಿ ಖುಷಿಯಾಯಿತು.

ಪ್ರಾರ್ಥನೆಯ ಹೊತ್ತಿಗೆ ದೊಡ್ಡವರು ಯಾರೂ ಏಳಲಿಲ್ಲ. ಮಗಳು ಎದ್ದಳು.

"ಯೇಸಪ್ಪಾ, ನಾನೇ. ರೂಮಲ್ಲಿದ್ದೆ, ಅದಕ್ಕೇ ನಿಂಗೆ ಕೇಳ್ಸಿಲ್ಲ. ಅಮ್ಮಂಗೆ ಜ್ವರ ಜಾಸ್ತಿ ಆಗಿದೆ, ಬೇಗ ಹೋಗು." ಹಿಂದೆ ತಿರುಗಿ ನೋಡಿದಳು. "ಅಜ್ಜಂಗೆ ಸೊಂಟ ನೋಯ್ತಿದೆ. ಬರ್ತಾ ಅದನ್ನೂ ಸ್ವಲ್ಪ ನೋಡು."

ಹಿರಿಯರು ಮುಖ ಮುಚ್ಚಿಕೊಂಡರು. ಅಕ್ಕ ಹಲ್ಲು ಕಚ್ಚಿಕೊಂಡೇ ಅಳುತ್ತಿದ್ದಳು. ಮಗಳು ತಾನು ಕೂತಿದ್ದ ಮೆತ್ತೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಹೋಗಿ ಅಜ್ಜನಿಗೆ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.