ಮಗು ಗೇಟಿನ ಹೊರಗೆ, ತಾಯಿ ಇಂಟರ್‌ವ್ಯೂನಲ್ಲಿ

“ಲ್ಯಾಬ್ ಕೆಲ್ಸನಾ? ಬೇಡಮ್ಮಾ. ಬೆಳಗಾದ್ರೆ ಸೂಜಿ ಚುಚ್ಚಿ ರಕ್ತ ತೆಗೀಬೇಕು!”

ಹೀಗಂದವರು ನಮ್ಮ ಎದುರು ಮನೆ ಗಂಗಮ್ಮ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರದು ಮಗ್ಗದ ಮನೆ. ಸೊಸೆ ಆಶಾ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದಕ್ಕೆ ಹೋಗುತ್ತಿದ್ದಳು. ಮಗುವಾದ ಮೇಲೆ ಶಿಫ್ಟ್ ಹೊಂದಿಕೆಯಾಗಲಿಲ್ಲ, ಕೆಲಸ ಬಿಟ್ಟಳು.

ಬೆಂಗಳೂರಿನ ಸಂಶೋಧನಾಲಯವೊಂದು ವಿಜ್ಞಾನ, ಎಂಜಿನಿಯರಿಂಗ್ ಓದಿದವರನ್ನು ಕೆಲಸಕ್ಕೆ ಕರೆದಿತ್ತು. ಪೇಪರ್‌ನಲ್ಲಿ ನೋಡಿ ಅವಳಿಗೆ ತೋರಿಸಿದವಳು ನಾನೇ. (ಬೀದಿಯ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ. ಉತ್ತರವಾಗಿ ಬಂದದ್ದು ಬರೀ ಗುಡ್ ಮಾರ್ನಿಂಗ್!)

“ಅದೆಲ್ಲ ದೊಡ್ಡ ಕಾಲೇಜಲ್ಲಿ ಓದಿದೋರಿಗೆ, ಆಂಟಿ” ಅಂದಳು ಆಶಾ.

“ಹಾಗಂತ ಬರೆದಿದೆಯಾ?”

ಬರೆದಿರಲಿಲ್ಲ. ಅರ್ಜಿ ಹಾಕಿದಳು. ಇಂಟರ್‌ವ್ಯೂಗೆ ಕರೆಯೂ ಬಂತು. ಅಲ್ಲಿ ರಕ್ತ ತೆಗೆಯೋದಿಲ್ಲ, ಗಾಳಿಯಲ್ಲಿ ಹೊಗೆ ಎಷ್ಟಿದೆ ಅಂತ ಅಳೆಯೋ ಯಂತ್ರ ಮಾಡ್ತಾರೆ ಅಂತ ಅತ್ತೆಗೆ ಬಿಡಿಸಿ ಹೇಳಿದಳು.

“ಹಂಗಾದ್ರೆ ನಡಿ, ನಾನೂ ಬರ್ತೀನಿ. ಕೂಸು ನಾನ್ ಎತ್ಕೋತೀನಿ” ಅಂದರು ಗಂಗಮ್ಮ.

ಬೆಳಗಿನ ಟ್ರೇನ್ ಹಿಡಿದೆವು. ದಾರಿ ತೋರಿಸೋಕೆ ನಾನು. ಗೇಟಿನಲ್ಲಿ ಸೆಕ್ಯುರಿಟಿ ತಡೆದ. ಕ್ಯಾಂಡಿಡೇಟ್ ಮಾತ್ರ ಒಳಗೆ! ಆಶಾ ತಿರುತಿರುಗಿ ನೋಡುತ್ತಾ ಹೋದಳು. ನಾವು ಹೊಂಗೆ ಮರದ ಕೆಳಗೆ ಕೂತೆವು.

ಮಧ್ಯಾಹ್ನದ ಹೊತ್ತಿಗೆ ಮಗು ಹಸಿವಿಗೆ ಅಳೋಕೆ ಶುರು ಮಾಡಿತು. ಬಾಟಲಿ ಮುಟ್ಟದ ಕೂಸು. ಗಂಗಮ್ಮ ಹಾಡಿದರು, ಎತ್ತಿಕೊಂಡು ಓಡಾಡಿದರು. ಊಹೂಂ. ಆಶಾಳನ್ನು ಕರೆಸೋಣ್ವಾ ಅಂದೆ.

“ಬ್ಯಾಡ ಸುಮ್ಕಿರವ್ವಾ. ಅವಳ ಕೆಲ್ಸ ಕೆಡುತ್ತೆ.” ಹಾಗೆನ್ನುವಾಗ ಅವರ ಕಣ್ಣಲ್ಲೂ ನೀರು.

ಕೊನೆಗೆ ಸೆಕ್ಯುರಿಟಿಯವನೇ ತಡೆಯಲಾರದೆ ಒಳಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಆಶಾ ಓಡಿಬಂದಳು. ಪ್ರಶ್ನೆಗಳ ನಡುವೆಯೇ ಸುದ್ದಿ ಮುಟ್ಟಿತ್ತಂತೆ. ಎಲ್ಲ ಮುಗೀತು ಅಂದುಕೊಂಡಳಂತೆ. ಅಷ್ಟರಲ್ಲಿ ಪ್ಯಾನೆಲ್‌ನಲ್ಲಿದ್ದ ಮೇಡಂ ಒಬ್ಬರು, “ಹೋಗಿ ಹಾಲು ಕೊಟ್ಟು ಬನ್ನಿ. ನಮ್ಮ ಪ್ರಶ್ನೆ ಎಲ್ಲೂ ಓಡಿಹೋಗಲ್ಲ” ಅಂದರಂತೆ!

ವಿಸಿಟರ್ಸ್ ರೂಮಿನ ಬಾಗಿಲು ತೆರೆಸಿದ್ದೂ ಅವರೇ. ಮಗು ಕುಡಿದು ನಿದ್ದೆಹೋಯಿತು. ಆಶಾ ಮುಖ ತೊಳೆದುಕೊಂಡು ವಾಪಸ್ ಹೋದಳು.

“ಒಂದು ಪ್ರಶ್ನೆಗೆ ತಡವರಿಸಿದ್ದೆ ಆಂಟಿ. ಹಾಲು ಕೊಡುವಾಗ ಉತ್ತರ ಹೊಳೀತು!” ವಾಪಸ್ ಟ್ರೇನಿನಲ್ಲಿ ಅವಳ ನಗು ನಿಲ್ಲಲಿಲ್ಲ.

ಹೋದ ವಾರ ಆರ್ಡರ್ ಬಂತು. ವಿಜ್ಞಾನಿ ಹುದ್ದೆ ಅಲ್ಲ, ಪ್ರಾಜೆಕ್ಟ್ ಎಂಜಿನಿಯರ್. ಕಾಂಟ್ರ್ಯಾಕ್ಟ್ ಮೇಲೆ. “ಟೆಂಪರರಿ ಅಲ್ವೇನೇ?” ಅಂತ ಗಂಡ ರಾಗ ಎಳೆದ.

ಗಂಗಮ್ಮ ಮಗನ ಕಡೆ ತಿರುಗಿದರು. “ನಿನ್ನ ಮಗ್ಗಕ್ಕೆ ಯಾವನ್ಲಾ ಪರ್ಮನೆಂಟ್ ಆರ್ಡರ್ ಕೊಟ್ಟಿರೋದು?”

ಸೋಮವಾರದಿಂದ ಆಶಾ ಕೆಲಸಕ್ಕೆ ಹೋಗುತ್ತಿದ್ದಾಳೆ. ಅಂದಹಾಗೆ, ನಿಮ್ಮನೆ ಸೊಸೆಯ ಡಿಗ್ರಿ ಸರ್ಟಿಫಿಕೇಟು ಬೀರುವಿನಲ್ಲಿ ಯಾವ ಸೀರೆಯ ಕೆಳಗಿದೆ, ಗೊತ್ತಾ?